ಇಲಿಬಾಲಕ್ಕೆ ಕತ್ತರಿಯೇ ಮದ್ದೆ?

ಈ ಪಕ್ಷ ಬಂದ ಪತ್ರಗಳಲ್ಲಿ ಕೂದಲಿಗೆ ಸಂಬಂಧಿಸಿದವೇ ಹೆಚ್ಚು. ಅವುಗಳಲ್ಲಿ ಹಾಸನದ ಕಡೆಯ ಸೋದರಿಯೊಬ್ಬರ ಪತ್ರವನ್ನು ಮೊದಲು ಎತ್ತಿಕೊಂಡಿದ್ದೇನೆ. ಅವರು ಕೇಳಿರುವುದು ಒಂದೇ ಸಾಲು: "ಅಕ್ಕಾ, ಜಡೆಯ ತುದಿ ಕತ್ತರಿಸಲೋ ಬೇಡವೋ ಹೇಳಿಬಿಡಿ." ಆ ಸಾಲಿಗೆ ಬರುವ ಮುಂಚೆ ಮೂರು ಪುಟ ತುಂಬ ಬರೆದಿದ್ದಾರೆ. ಸಂಗತಿ ಇಷ್ಟು.

ಮದುವೆಯ ಹೊತ್ತಿಗೆ ಅವರ ಕೂದಲು ಭುಜದ ಮಟ್ಟಕ್ಕಿತ್ತು. ಆಮೇಲೆ ಬೆಳೆಸೋಣವೆಂದು ಬಿಟ್ಟರು. ಎರಡು ವರ್ಷ ನಾಲ್ಕು ತಿಂಗಳ ಕೆಳಗೆ ಹೆರಿಗೆಯಾಯಿತು. ಮಗುವಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಲೆ ಬಾಚಿದರೆ ಸಾಕು, ಉಂಡೆಉಂಡೆ ಕೂದಲು. ಬಚ್ಚಲ ಕಿಂಡಿ ಕಟ್ಟಿಕೊಳ್ಳುವಷ್ಟು ಉದುರಿತಂತೆ. ಎರಡು ಮೂರು ತಿಂಗಳಾದ ಮೇಲೆ ತಾನಾಗಿಯೇ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಕತ್ತರಿ ಮುಟ್ಟಿಸಿಲ್ಲ. ಈಗ ಕೂದಲು ಸೊಂಟ ಮುಟ್ಟಿದೆ. ಆದರೆ ಜಡೆ ಹೆಣೆದರೆ ಕತ್ತಿನಿಂದ ಒಂದು ಗೇಣಿನವರೆಗೆ ಕೈತುಂಬ, ಅಲ್ಲಿಂದ ಸಪೂರವಾಗುತ್ತಾ ಹೋಗಿ ಕೊನೆಯ ಆರು ಇಂಚು ನಾಲ್ಕೇ ನಾಲ್ಕು ಎಳೆ. ಓರಗಿತ್ತಿ ತಮಾಷೆಗೆ "ಇಲಿಬಾಲ" ಅಂದರಂತೆ. ಬ್ಯೂಟಿ ಪಾರ್ಲರಿನ ಹುಡುಗಿ "ಆರಿಂಚು ತೆಗೆದುಬಿಡಿ ಆಂಟಿ, ಆಮೇಲೆ ನೋಡಿ ಹ್ಯಾಗೆ ದಪ್ಪಗೆ ಬೆಳೆಯುತ್ತೆ" ಅಂದಳಂತೆ. ಅತ್ತೆ ಮಾತ್ರ "ಮುತ್ತೈದೆ ತಲೆಗೆ ಕತ್ತರಿ ಹಾಕೋದೂ ಅಂದ್ರೇನು?" ಎಂದು ಮುಖ ತಿರುವಿದ್ದಾರೆ. ಇನ್ನೈದು ತಿಂಗಳಿಗೆ ಮೈದುನನ ಮದುವೆ ಬೇರೆ.

ಪತ್ರದ ಕೊನೆಯಲ್ಲಿ ಆಕೆ ಬರೆದಿರುವುದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಈ ಎರಡು ವರ್ಷದಲ್ಲಿ ನನಗೋಸ್ಕರ ಅಂತ ನಾನು ಮಾಡಿಕೊಂಡಿರೋದು ಇದೊಂದೇ, ಕೂದಲು ಬೆಳೆಸಿದ್ದು. ಅದನ್ನೂ ಕತ್ತರಿಸು ಅಂತಾರಲ್ಲ."

ಕೈಗೂಸು ಸಾಕಿದ ತಾಯಂದಿರಿಗೆಲ್ಲ ಈ ಮಾತು ಅರ್ಥವಾಗುತ್ತದೆ. ಆದ್ದರಿಂದ ಸೋದರಿ, "ಅಯ್ಯೋ ಕೂದಲು ತಾನೆ, ಮತ್ತೆ ಬರುತ್ತೆ" ಎಂದು ನಿಮ್ಮನ್ನು ಸಾಗಹಾಕುವುದಿಲ್ಲ. ಕತ್ತರಿ ಎತ್ತುವ ಮುಂಚೆ ಆ ತುದಿ ಯಾಕೆ ಸಪೂರವಾಯಿತು ಎಂಬುದನ್ನು ಪತ್ತೆ ಮಾಡೋಣ. ಕಾರಣ ತಿಳಿಯದೆ ಕತ್ತರಿಸುವುದೂ ತಪ್ಪು, ಕತ್ತರಿಸದೆ ಬಿಡುವುದೂ ತಪ್ಪು.

ಮೊದಲು ಪಾರ್ಲರಿನ ಹುಡುಗಿಯ ಮಾತಿಗೆ ಬರೋಣ. ಕತ್ತರಿಸಿದರೆ ದಪ್ಪಗೆ ಬೆಳೆಯುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿಕೊಂಡು ಬಂದಿರುವ ಮಾತು. ಕೂಸುಗಳಿಗೆ ಜವಳ ತೆಗೆಸಿದ ಮೇಲೆ ಕೂದಲು ದಟ್ಟವಾಗಿ ಬರುತ್ತೆ ಅನ್ನುವುದೂ ಇದೇ ಜಾತಿಯದು. ಕನಕಾಂಬರವನ್ನೋ ದಾಸವಾಳವನ್ನೋ ಸವರಿದರೆ ಎರಡು ಚಿಗುರು ಒಡೆಯುತ್ತದೆ, ನಿಜ. ಗಿಡಕ್ಕೆ ತುದಿಯಲ್ಲೂ ಜೀವವಿದೆ. ಕೂದಲಿಗೆ ಜೀವವಿರುವುದು ನೆತ್ತಿಯ ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದ ಎಳೆ ಉಗುರಿನ ಹಾಗೆ, ಜೀವವಿಲ್ಲದ್ದು. ಸೊಂಟದ ಹತ್ತಿರ ಕತ್ತರಿ ಆಡಿತೆಂದು ಬುಡಕ್ಕೆ ಸುದ್ದಿ ಮುಟ್ಟಿಸುವವರು ಯಾರೂ ಇಲ್ಲ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ 1928ರಲ್ಲೇ ಗಡ್ಡ ಬೋಳಿಸುವ ಗಂಡಸರ ಕೂದಲನ್ನು ಪರೀಕ್ಷಿಸಿ, ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗನೆಯೂ ಬೆಳೆಯುವುದಿಲ್ಲ ಎಂದು ತೋರಿಸಿದ್ದಾರೆ. ಹಾಗಾದರೆ ಕತ್ತರಿಸಿದ ದಿನ ಜಡೆ ತುಂಬಿಕೊಂಡಂತೆ ಕಾಣುವುದೇಕೆ? ಸಪೂರವಾದ ಭಾಗ ಹೋಯಿತು, ದಪ್ಪ ಭಾಗ ಉಳಿಯಿತು, ಅಷ್ಟೆ. ಹಳೆಯ ಕಸಪೊರಕೆಯ ಸವೆದ ತುದಿ ತೆಗೆದು ಗಿಡ್ಡ ಮಾಡಿದರೆ ಅದೂ ದಟ್ಟವಾಗಿಯೇ ಕಾಣುತ್ತದೆ.

ಇನ್ನು ತುದಿ ಸಪೂರವಾಗುವುದಕ್ಕೆ ಕಾರಣ ಮುಖ್ಯವಾಗಿ ಎರಡು. ಒಂದು, ಕೂದಲು ನಡುವೆ ಮುರಿದು ತುಂಡಾಗಿರಬಹುದು. ಎರಡು, ಯಾವಾಗಲೋ ಒಮ್ಮೆ ಬುಡಸಮೇತ ಉದುರಿಹೋಗಿ, ಆಮೇಲೆ ಹುಟ್ಟಿದ ಹೊಸ ಕೂದಲು ಇನ್ನೂ ಅಷ್ಟುದ್ದ ಬಂದಿಲ್ಲದೆ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಇಲಿಬಾಲವೇ. ಮದ್ದು ಮಾತ್ರ ಬೇರೆ ಬೇರೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು, ಕಾಸು ಖರ್ಚಿಲ್ಲ. ಒಂದು ಬಿಳೀ ಪಂಚೆಯನ್ನು ಹೆಗಲ ಮೇಲೆ ಹೊದ್ದುಕೊಂಡು ಬೆಳಕಿರುವ ಕಡೆ ಕೂತು ತಲೆ ಬಾಚಿ. ಪಂಚೆಯ ಮೇಲೆ ಬಿದ್ದ ಕೂದಲುಗಳನ್ನು ಒಂದೊಂದಾಗಿ ಎತ್ತಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳೀ ಗಂಟು ಕಂಡರೆ ಅದು ಬುಡದಿಂದ ಬಂದದ್ದು, ತನ್ನ ಆಯಸ್ಸು ಮುಗಿಸಿ ಉದುರಿದ್ದು. ಗಂಟಿಲ್ಲದೆ, ಮೂರು ನಾಲ್ಕು ಇಂಚಿನ ತುಂಡುಗಳೇ ಹೆಚ್ಚಾಗಿದ್ದರೆ ಕೂದಲು ಮುರಿಯುತ್ತಿದೆ ಎಂದು ತಿಳಿಯಿರಿ. ಆಮೇಲೆ ಜಡೆಯಿಂದ ಹೊರಗೆ ಇಣುಕುವ ಗಿಡ್ಡ ಕೂದಲುಗಳ ತುದಿಯನ್ನು ಬೆರಳ ಮೇಲಿಟ್ಟು ನೋಡಿ. ಗರಿಕೆಯ ಕುಡಿಯ ಹಾಗೆ ಸೂಕ್ಷ್ಮವಾಗಿ ಮೊನಚಾಗಿದ್ದರೆ ಅದು ಹೊಸದಾಗಿ ಹುಟ್ಟಿ ಬರುತ್ತಿರುವ ಕೂದಲು. ಮೊಂಡಾಗಿ, ಇಲ್ಲವೆ ಎರಡು ಮೂರು ಕವಲಾಗಿ ಸೀಳಿದ್ದರೆ ಮುರಿದದ್ದು. ಮುರಿಯುವ ಮುಂಚೆ ಕೆಲವು ಕೂದಲಿನ ನಡುವೆ ಬಿಳಿಯ ಚುಕ್ಕೆ ಕಾಣುತ್ತದೆ. ಅದನ್ನು ಹೇನಿನ ಸೀರೆಂದು ತಿಳಿದು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಗೀರಿ ಗೀರಿ ಇನ್ನಷ್ಟು ಮುರಿದುಕೊಳ್ಳುವವರೂ ಇದ್ದಾರೆ.

ಬುಡದಿಂದ ಒಂದಷ್ಟು ಕೂದಲು ಉದುರುವುದು ಕಾಯಿಲೆಯಲ್ಲ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ವಾರಕ್ಕೆರಡು ಸಲ ಮಾತ್ರ ತಲೆ ಬಿಚ್ಚಿ ಬಾಚುವವರಿಗೆ ಮೂರು ದಿನದ ಲೆಕ್ಕ ಒಟ್ಟಿಗೇ ಕೈಗೆ ಬಂದು ಎದೆ ಧಸಕ್ಕೆನ್ನುತ್ತದೆ. ಗರ್ಭಿಣಿಯಾಗಿದ್ದಾಗ ಮೈಯಲ್ಲಿನ ಹಾರ್ಮೋನುಗಳ ದೆಸೆಯಿಂದ ಉದುರಬೇಕಾದ ಕೂದಲೂ ಉದುರದೆ ನಿಂತಿರುತ್ತದೆ. ಅದಕ್ಕೇ ಬಸುರಿಯರ ಜಡೆ ಅಷ್ಟು ತುಂಬಿಕೊಂಡು ಕಾಣುವುದು. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಹಾಗೆ ಸಾಲ ನಿಂತದ್ದೆಲ್ಲ ಒಟ್ಟಿಗೆ ತೀರುವಳಿಯಾಗುತ್ತದೆ. ಟೈಫಾಯಿಡ್, ಡೆಂಗೆ ಮುಂತಾದ ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೂ ಹೀಗಾಗುತ್ತದೆ. 2020-21ರಲ್ಲಿ ಕೊರೋನಾದಿಂದ ಎದ್ದವರು ಎಷ್ಟೋ ಜನ ಇದನ್ನು ಅನುಭವಿಸಿದರು. ಬಾಣಂತಿಯರಿಗೆ ಮಗು ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತೆ ಎಂದು ಅಜ್ಜಿಯಂದಿರು ಹೇಳುತ್ತಿದ್ದುದುಂಟು. ಕಾರಣ ಏನೇ ಹೇಳಲಿ, ಕಾಲ ಮಾತ್ರ ಸರಿಯಾಗಿ ಗುರುತು ಹಿಡಿದಿದ್ದರು.

ಈಗ ಒಂದು ಸ್ವಾರಸ್ಯದ ಲೆಕ್ಕ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಇಂಚು, ವರ್ಷಕ್ಕೆ ಆರು ಇಂಚು ಬೆಳೆಯುತ್ತದೆ. ಅಂದಮೇಲೆ ನಿಮ್ಮ ಜಡೆಯೇ ಒಂದು ಪಂಚಾಂಗ. ಕೂದಲನ್ನು ಬಿಚ್ಚಿ ಮುಂದಕ್ಕೆ ಹಾಕಿಕೊಳ್ಳಿ. ನಡುನೆತ್ತಿಯಿಂದ ಕಿರುಬೆರಳ ದಪ್ಪದ ಒಂದು ಎಸಳು ಬೇರೆ ಮಾಡಿ, ಬೆರಳಿನ ನಡುವೆ ಹಿಡಿದು ಬುಡದಿಂದ ನಿಧಾನವಾಗಿ ಕೆಳಕ್ಕೆ ಜಾರಿಸುತ್ತಾ ಬನ್ನಿ. ಯಾವ ಕಡೆ ಎಸಳು ಇದ್ದಕ್ಕಿದ್ದಂತೆ ತೆಳ್ಳಗಾಯಿತು ಅನಿಸುತ್ತದೋ ಅಲ್ಲಿಗೆ ಟೇಪು ಹಿಡಿದು ಅಳೆಯಿರಿ. ಎಷ್ಟು ಇಂಚು ಬಂತೋ ಅದನ್ನು ಆರರಿಂದ ಭಾಗಿಸಿದರೆ ಎಷ್ಟು ವರ್ಷದ ಹಿಂದೆ ಉದುರಿತ್ತು ಎಂಬುದು ಸಿಗುತ್ತದೆ. ಹನ್ನೆರಡು ಇಂಚು ಬಂದರೆ ಎರಡು ವರ್ಷ, ಒಂಬತ್ತು ಬಂದರೆ ಒಂದೂವರೆ. ಆ ಕಾಲದಲ್ಲಿ ಹೆರಿಗೆ, ಜ್ವರ, ಆಪರೇಷನ್, ಮನೆಯಲ್ಲೊಂದು ಸಾವು, ಇಲ್ಲವೆ ತೂಕ ಇಳಿಸಲು ಮಾಡಿದ ಉಪವಾಸ, ಏನಾದರೂ ಒಂದು ನೆನಪಿಗೆ ಬಂದೀತು.

ಹಾಸನದ ಸೋದರಿಗೆ ಇದನ್ನು ಹೊಂದಿಸಿ ನೋಡೋಣ. ಕೂದಲು ಉದುರಿ ಈಗ ಎರಡು ವರ್ಷವಾಯಿತು. ಆಮೇಲೆ ಹುಟ್ಟಿದ್ದು ಹನ್ನೆರಡು ಇಂಚು ಬಂದಿರಬೇಕು. ಜಡೆ ಕತ್ತಿನ ಕೆಳಗೆ ಒಂದು ಗೇಣಿನವರೆಗೆ ತುಂಬಿಕೊಂಡಿದೆ ಎಂದು ಅವರೇ ಬರೆದಿರುವುದು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಅಲ್ಲಿಂದ ಕೆಳಗಿರುವುದು ಆಗ ಉದುರದೆ ಉಳಿದುಕೊಂಡ ಹಳೆಯ ಕೂದಲು. ಆದ್ದರಿಂದ ಸೋದರಿ, ನಿಮ್ಮ ಕೂದಲು ಹಾಳಾಗುತ್ತಿಲ್ಲ, ತುಂಬಿಕೊಳ್ಳುತ್ತಿದೆ. ಆ ದಪ್ಪನೆಯ ಭಾಗ ತಿಂಗಳಿಗೆ ಅರ್ಧ ಇಂಚಿನಂತೆ ಕೆಳಕ್ಕೆ ಇಳಿದು ಬರುತ್ತಲೇ ಇದೆ. ನೆತ್ತಿಯಿಂದ ಸೊಂಟಕ್ಕೆ ಸುಮಾರು 28 ಇಂಚು ಎಂದಿಟ್ಟುಕೊಳ್ಳಿ. ನಡುಬೆನ್ನಿಗೆ, ಅಂದರೆ 20 ಇಂಚಿಗೆ, ಹೊಸ ಕೂದಲು ಬರಲು ಇನ್ನು ಒಂದು ವರ್ಷ ನಾಲ್ಕು ತಿಂಗಳು. ಸೊಂಟಕ್ಕೆ ಎರಡು ವರ್ಷ ಎಂಟು ತಿಂಗಳು.

ಇಲ್ಲಿ ಒಂದು ವಿಷಯ ಗಮನಿಸಿ. ನೀವು ಇಂದು ಆರಿಂಚು ಕತ್ತರಿಸಿದರೂ ಆ ದಪ್ಪ ಭಾಗ ನಡುಬೆನ್ನಿಗೆ ಬರುವುದು ಒಂದು ವರ್ಷ ನಾಲ್ಕು ತಿಂಗಳಿಗೇ. ಕತ್ತರಿಸದಿದ್ದರೂ ಅಷ್ಟೇ. ಹೊಸ ಕೂದಲಿನ ತುದಿ ಕತ್ತರಿ ಆಡುವ ಜಾಗದಿಂದ ಎಷ್ಟೋ ಮೇಲಿದೆಯಲ್ಲ! ಹಾಗಾಗಿ "ಕತ್ತರಿಸಿದರೆ ಎರಡು ವರ್ಷದ ತಪಸ್ಸು ಹೋಯಿತು" ಎಂಬ ಸಂಕಟ ಬೇಡ. ನಿಮ್ಮ ನಿಜವಾದ ದುಡಿಮೆ ಇರುವುದು ಆ ಹನ್ನೆರಡು ಇಂಚಿನಲ್ಲಿ, ಅದಕ್ಕೆ ಯಾವ ಕತ್ತರಿಯೂ ಮುಟ್ಟುವುದಿಲ್ಲ.

ಹಾಗಾದರೆ ತುದಿಯನ್ನು ಹಾಗೇ ಬಿಟ್ಟುಬಿಡೋಣವೇ, ಕಾದರೆ ಅದೂ ತುಂಬಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಕೊನೆಯ ಆರಿಂಚಿನ ಮಟ್ಟಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಸೊಂಟದ ಹತ್ತಿರವಿರುವ ಕೂದಲಿನ ತುದಿಗೆ ಈಗಾಗಲೇ ಹತ್ತಿರ ಹತ್ತಿರ ಐದು ವರ್ಷ ವಯಸ್ಸು. ಕೂದಲಿನ ಹೊರಮೈ ಹೆಂಚು ಹೊದಿಸಿದ ಮಾಡಿನಂತೆ, ಒಂದರ ಮೇಲೊಂದು ಪದರ. ಐದು ವರ್ಷದ ಬಿಸಿಲು, ಸೀಗೆ, ಸೋಪು, ಬಾಚಣಿಗೆ, ದಿಂಬಿನ ಉಜ್ಜಾಟ ಎಲ್ಲದರಿಂದ ಆ ಹೆಂಚುಗಳು ಎದ್ದುಹೋಗಿ ಒಳಗಿನ ನಾರು ಬಯಲಾಗಿರುತ್ತದೆ. ಅದೇ ಕವಲೊಡೆಯುವುದು. ಸೀಳಿದ ತುದಿಯನ್ನು ಅಂಟಿಸುವ ಎಣ್ಣೆಯಾಗಲಿ ಕ್ರೀಮಾಗಲಿ ಇಲ್ಲ, ಜಾಹೀರಾತಿನವರು ಏನೇ ಹೇಳಲಿ. ತಲೆಸ್ನಾನದವರೆಗೆ ಒಂದಷ್ಟು ನುಣುಪು ಕಂಡೀತು, ಅಷ್ಟೆ. ಸೀಳು ಸೀರೆಯ ಹರಕಿನಂತೆ ಮೇಲಕ್ಕೂ ಏರುತ್ತದೆ. ಜೊತೆಗೆ ಆ ಹಳೆಯ ಕೂದಲುಗಳಿಗೂ ಉದುರುವ ಸರದಿ ಇದ್ದೇ ಇದೆ. ಹೊಸ ಕೂದಲು ಸೊಂಟಕ್ಕೆ ಬರುವ ಹೊತ್ತಿಗೆ ಇವುಗಳಲ್ಲಿ ಬಹಳಷ್ಟು ಇರುವುದೇ ಇಲ್ಲ.

ಆದ್ದರಿಂದ ನನ್ನ ಸಲಹೆ: ಆರಿಂಚು ಬೇಡ, ಮೂರು ಬೆರಳು ತೆಗೆಯಿರಿ, ಅಂದರೆ ಸುಮಾರು ಎರಡು ಇಂಚು. ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಒಂದು ಇಂಚು. ವರ್ಷಕ್ಕೆ ಆರು ಇಂಚು ಬೆಳೆದು ಮೂರು ಇಂಚು ಹೋದರೆ ಉದ್ದವೂ ಮೂರು ಇಂಚು ಕೂಡುತ್ತದೆ, ಸಪೂರ ಭಾಗವೂ ಕರಗುತ್ತಾ ಬರುತ್ತದೆ. ಎರಡು ತಿಂಗಳಿಗೊಮ್ಮೆ ಒಂದಿಂಚು ತೆಗೆಸಿ ಎನ್ನುವವರ ಮಾತು ಕೇಳಬೇಡಿ. ಬೆಳೆದಷ್ಟೂ ಕತ್ತರಿಗೇ ಹೋಗಿ, ಜಡೆ ವರ್ಷಗಟ್ಟಲೆ ಅದೇ ಉದ್ದದಲ್ಲಿ ನಿಂತಿರುತ್ತದೆ. "ನನ್ನ ಕೂದಲು ಬೆಳೆಯೋದೇ ಇಲ್ಲ" ಎಂದು ದೂರುವವರಲ್ಲಿ ಎಷ್ಟೋ ಜನರ ಗುಟ್ಟು ಇದೇ. ಇನ್ನು ಆ ಬಾಲವನ್ನು ಕಂಡರೇ ನಿಮಗೆ ದಿನವೂ ಅಳು ಬರುತ್ತದೆ ಎನ್ನುವುದಾದರೆ ಆರಿಂಚನ್ನೂ ಒಮ್ಮೆಗೇ ತೆಗೆಸಿಬಿಡಿ, ನಷ್ಟವಿಲ್ಲ. ಆದರೆ ಅದು ಓರಗಿತ್ತಿಯ ಕಣ್ಣಿಗಾಗಲಿ ಪಾರ್ಲರಿನವಳ ಆಸೆಗಾಗಲಿ ಮಾಡುವ ಕೆಲಸವಲ್ಲ, ನಿಮ್ಮ ಮನಸ್ಸು ಒಪ್ಪಿದರೆ ಮಾತ್ರ. ನಾನಾದರೆ ಮೂರು ಬೆರಳಿಗೇ ನಿಲ್ಲಿಸುತ್ತಿದ್ದೆ.

ಮುರಿದು ಸಪೂರವಾದವರಿಗೆ ಈ ನಿಧಾನ ಹೊಂದುವುದಿಲ್ಲ. ತುಮಕೂರಿನ ಕಾಲೇಜು ಹುಡುಗಿಯೊಬ್ಬಳು ಬರೆದಿದ್ದಾಳೆ. ಕೂದಲನ್ನು ನೆಟ್ಟಗೆ ಮಾಡಲು ದಿನಾ ಬಿಸಿ ಇಕ್ಕಳ ಎಳೆಯುತ್ತಾಳಂತೆ, ಎರಡು ಸಲ ಬಣ್ಣವನ್ನೂ ಹಾಕಿಸಿಕೊಂಡಿದ್ದಾಳೆ, ಈಗ ತುದಿಯೆಲ್ಲ ತೆಂಗಿನ ನಾರಾಗಿದೆ. ಮಗಳೇ, ನಿನಗೆ ಕತ್ತರಿಯೇ ಮದ್ದು. ನಾರಾದ ಭಾಗ ಪೂರ್ತಿ ಹೋಗಲಿ, ಆ ಇಕ್ಕಳವನ್ನು ಗೂಡಿನಲ್ಲಿಟ್ಟು ಬೀಗ ಹಾಕು. ಕಾರಣ ನಿಲ್ಲಿಸದೆ ತುದಿ ಮಾತ್ರ ಸವರುತ್ತಿದ್ದರೆ ಮತ್ತೆ ನಾಲ್ಕು ತಿಂಗಳಿಗೆ ಇದೇ ಪತ್ರ ಬರೆಯುತ್ತೀಯ. ಸ್ಟೆಪ್ ಕಟ್ ಮಾಡಿಸಿಕೊಂಡು ಈಗ ಬೆಳೆಸುತ್ತಿರುವವರೂ ತುದಿ ಸಪೂರವೆಂದು ಬರೆಯುತ್ತಾರೆ. ಅದು ಕತ್ತರಿಸಿದ ರೀತಿಯೇ ಹಾಗೆ. ಕೆಳಗಿನ ಅಂಚನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿಕೊಂಡರೆ ಆರಿಂಚಿನ ಮೆಟ್ಟಿಲು ಒಂದು ವರ್ಷದಲ್ಲಿ ಸಮವಾಗುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಅದನ್ನು ಮೂಢನಂಬಿಕೆ ಎಂದು ಒಂದೇ ಮಾತಿಗೆ ತಳ್ಳಿಹಾಕಬೇಡಿ. ಹಿಂದಿನ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೆಂಗಸಿನ ತಲೆಗೆ ಕತ್ತಿ ಮುಟ್ಟುತ್ತಿದ್ದುದು ಆಕೆ ಗಂಡನನ್ನು ಕಳೆದುಕೊಂಡ ದಿನವೇ. ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ 'ಫಣಿಯಮ್ಮ'ವನ್ನು ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರ ಮಾಡಿದ್ದನ್ನು ನೋಡಿದವರಿಗೆ ಅದರ ಘೋರ ಗೊತ್ತು. ಆ ಸಂಕಟವನ್ನು ಕಂಡವರ, ಕೇಳಿದವರ ಮನೆಯಲ್ಲಿ ಬೆಳೆದ ಹಿರಿಯರಿಗೆ ಸೊಸೆಯ ಜಡೆಯ ಹತ್ತಿರ ಕತ್ತರಿ ಕಂಡರೆ ಹೊಟ್ಟೆಯೊಳಗೆ ಒಂದು ಭಯ. ಅದು ಸಿಟ್ಟಿನ ಹಾಗೆ ಹೊರಗೆ ಬರುತ್ತದೆ. ಅವರ ಹತ್ತಿರ ಕೂತು, ತುದಿಯ ಒಂದು ಸೀಳಿದ ಕೂದಲನ್ನು ಅಂಗೈ ಮೇಲಿಟ್ಟು ತೋರಿಸಿ. "ಅತ್ತೇ, ಇದು ಮೇಲಕ್ಕೆ ಸೀಳ್ತಾ ಹೋಗುತ್ತೆ, ಮೂರು ಬೆರಳು ನೀವೇ ತೆಗೆದುಕೊಡಿ" ಎಂದು ಕೇಳಿ ನೋಡಿ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಬೇಡವೆಂದರೆ ಬೇಡ, ವಾರದಲ್ಲಿ ಬೇರೆ ದಿನಗಳಿಲ್ಲವೇ? ತಿರುಪತಿಗೆ ಹೋದಾಗ ಪೂರ್ತಿ ಮುಡಿ ಕೊಡಲಾರದ ಹೆಂಗಸರು ತುದಿಯ ನಾಲ್ಕು ಬೆರಳು ಕೊಟ್ಟು ಬರುವುದು ಅವರಿಗೂ ಗೊತ್ತಿರುತ್ತದೆ. ಅಷ್ಟಾದರೂ ಅವರು ಒಪ್ಪದಿದ್ದರೆ? ಕೂದಲು ನಿಮ್ಮದು. ಜಗಳ ಮಾಡದೆ, ಮುಚ್ಚಿಯೂ ಇಡದೆ ಮಾಡಿ.

ಮನೆಯಲ್ಲಿ ಕತ್ತರಿಸುವುದಾದರೆ ತರಕಾರಿ ಕತ್ತರಿ, ಮಕ್ಕಳ ಪೇಪರ್ ಕತ್ತರಿ ಮುಟ್ಟಬೇಡಿ. ಮೊಂಡು ಅಲಗು ಕೂದಲನ್ನು ಜಜ್ಜುತ್ತದೆ, ಹೊಸ ಸೀಳಿಗೆ ದಾರಿಯಾಗುತ್ತದೆ. ಬಟ್ಟೆ ಹೊಲಿಯುವ ಕತ್ತರಿಯಾದರೂ ಹರಿತವಾಗಿರಲಿ. ಕೂದಲು ಒಣಗಿರಬೇಕು. ಒದ್ದೆಯಲ್ಲಿ ಅದು ಎಳೆದಷ್ಟೂ ಉದ್ದವಾಗುತ್ತದೆ, ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ. ಗುಂಗುರು ಕೂದಲಿನವರಿಗಂತೂ ಎರಡಿಂಚು ಎಂದುಕೊಂಡದ್ದು ಮೂರಾಗಿರುತ್ತದೆ. ಸಿಕ್ಕು ಬಿಡಿಸಿ, ಎಲ್ಲವನ್ನೂ ಬೆನ್ನ ಹಿಂದೆ ಸಮನಾಗಿ ಬಿಟ್ಟು, ಕತ್ತರಿಸಬೇಕಾದ ಜಾಗಕ್ಕೆ ಒಂದು ಅಂಗುಲ ಮೇಲೆ ನೂಲಿನ ದಾರ ಸಡಿಲವಾಗಿ ಕಟ್ಟಿ. ನೀವು ನೆಟ್ಟಗೆ ನಿಂತಿರಿ, ತಲೆ ಬಗ್ಗಿಸಬೇಡಿ, ಇನ್ನೊಬ್ಬರು ಕತ್ತರಿಸಲಿ. ಪಾರ್ಲರಿಗೆ ಹೋದರೂ ಆ ದಾರ ಕಟ್ಟಿಕೊಂಡೇ ಹೋಗಿ. ಅವರ ಒಂದಿಂಚಿಗೂ ನಮ್ಮ ಒಂದಿಂಚಿಗೂ ಬಹಳ ದೂರ.

ಉದ್ದ ಒಂದಿಷ್ಟೂ ಕಳೆಯಲೊಲ್ಲೆ ಎನ್ನುವವರಿಗೆ ಇನ್ನೊಂದು ದಾರಿಯಿದೆ. ರಜೆಯ ಮಧ್ಯಾಹ್ನ ಬೆಳಕಿನಲ್ಲಿ ಕೂತು ಸಣ್ಣ ಸಣ್ಣ ಎಸಳು ತೆಗೆದು ಬತ್ತಿಯ ಹಾಗೆ ಹೊಸೆಯಿರಿ. ಸೀಳಿದ ಕೂದಲುಗಳು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಸೀಳಿದ ಜಾಗದಿಂದ ಕಾಲು ಇಂಚು ಮೇಲಕ್ಕೆ ಅವನ್ನಷ್ಟೇ ಕತ್ತರಿಸಿ. ತಾಳ್ಮೆ ಬೇಕು, ಪಕ್ಕದಲ್ಲಿ ರೇಡಿಯೋ ಇದ್ದರೆ ಸರಿ. ಇದರಿಂದ ಜಡೆ ದಪ್ಪಗೇನೂ ಕಾಣುವುದಿಲ್ಲ, ಹರಕು ಮೇಲೇರುವುದು ನಿಲ್ಲುತ್ತದೆ.

ಉಳಿದ ತುದಿಯನ್ನು ಕಾಪಾಡುವ ಬಗೆ ನಿಮಗೆ ಹೊಸದಲ್ಲ. ಸ್ನಾನದ ಹಿಂದಿನ ರಾತ್ರಿ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ. ನೆತ್ತಿಗೆ ತಟ್ಟುವುದಷ್ಟೇ ಅಲ್ಲ, ತುದಿಗೆ ಹಚ್ಚುವುದು ಮುಖ್ಯ. 2003ರಲ್ಲಿ ಮುಂಬೈಯ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ, ಕೊಬ್ಬರಿ ಎಣ್ಣೆ ಮಾತ್ರ ಕೂದಲಿನೊಳಗೆ ಇಳಿದು ಅದರ ಪ್ರೋಟೀನು ತೊಳೆದುಹೋಗುವುದನ್ನು ತಗ್ಗಿಸುತ್ತದೆ ಎಂದು ಕಂಡುಕೊಂಡರು. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡಬೇಕು. ಸೀಗೇಪುಡಿಯನ್ನು ತುದಿಗೆ ಹಾಕಿ ಉಜ್ಜಬೇಡಿ, ತರಿ ಕೂದಲನ್ನು ಗೀರುತ್ತದೆ. ಕುದಿಸಿ ಸೋಸಿದ ಸೀಗೆಯ ನೀರು ನೆತ್ತಿಗೆ ಸಾಕು. ಶಾಂಪೂ ಆದರೂ ನೆತ್ತಿಗೆ ಮಾತ್ರ, ಇಳಿದು ಹೋಗುವ ನೊರೆಯಲ್ಲೇ ತುದಿ ಚೊಕ್ಕವಾಗುತ್ತದೆ. ಎರಡು ಹಿಡಿ ದಾಸವಾಳದ ಎಲೆಯನ್ನು ಒಂದು ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ, ಆ ಲೋಳೆಯನ್ನು ತೆಳು ಬಟ್ಟೆಯಲ್ಲಿ ಸೋಸಿ ಸ್ನಾನದ ಕಡೆಯಲ್ಲಿ ತುದಿಗೆ ಸವರಿ ತೊಳೆದರೆ ಸಿಕ್ಕು ಸುಲಭವಾಗಿ ಬಿಡುತ್ತದೆ. ಟರ್ಕಿ ಟವೆಲಿನಲ್ಲಿ ತಿಕ್ಕದೆ ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ನೀರು ತೆಗೆಯಿರಿ. ಒದ್ದೆಯಲ್ಲಿ ಕೂದಲಿಗೆ ಬಲ ಕಡಿಮೆ, ಅರೆಬರೆ ಒಣಗುವವರೆಗೆ ಬಾಚಬೇಡಿ. ಬಾಚುವಾಗ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಜಡೆಗೆ ಬರಿಯ ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸ ಬಿಡಿ. ಶಾಲೆಗೆ ಹೋಗುವ ಮಕ್ಕಳ ಎರಡು ಜಡೆಯನ್ನೂ ಹುಬ್ಬು ಮೇಲೇಳುವಷ್ಟು ಬಿಗಿದು ಕಟ್ಟಬೇಡಿ, ದಿನವೂ ಎಳೆದರೆ ಹಣೆಯ ಅಂಚಿನ ಕೂದಲು ಬುಡವೇ ಸೋಲುತ್ತದೆ.

ಇನ್ನು ಕೆಲವರಿಗೆ ಕತ್ತರಿಯೂ ಬೇಡ, ಎಣ್ಣೆಯೂ ಸಾಲದು, ಡಾಕ್ಟರರೇ ಬೇಕು. ಹೆರಿಗೆಯಾಗಿ ವರ್ಷ ಕಳೆದರೂ ಬುಡಸಮೇತ ಉದುರುವುದು ನಿಂತಿಲ್ಲ, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ, ನಾಣ್ಯದ ಗಾತ್ರದಲ್ಲಿ ಕೂದಲು ಹೋಗಿದೆ, ಮುಟ್ಟು ಏರುಪೇರಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎನ್ನುವವರು ತಡಮಾಡದೆ ರಕ್ತಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಥೈರಾಯಿಡ್ ಮತ್ತು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಇವೆರಡನ್ನೂ ನೋಡಿಸಬೇಕೇ ಎಂದು ಕೇಳಿ. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ನಮ್ಮ ಪದ್ಧತಿಗೆ ಕೂದಲು ಕೊಡುವ ಲೆಕ್ಕ ಇದು. ಹುರುಳಿ ಸಾರು, ಸೊಪ್ಪಿನ ಪಲ್ಯ, ಕಾಳು ನಿಮ್ಮ ತಟ್ಟೆಗೂ ಬೀಳಲಿ, ಮೇಲೊಂದು ನಿಂಬೆಹುಳಿ ಹಿಂಡಿಕೊಳ್ಳಿ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಡುವಿರಲಿ.

ಕಡೆಗೆ ಮೈದುನನ ಮದುವೆ. ಸೋದರಿ, ಈಗ ಮೂರು ಬೆರಳು ತೆಗೆಯಿರಿ. ಐದು ತಿಂಗಳಲ್ಲಿ ಎರಡೂವರೆ ಇಂಚು ಬೆಳೆದಿರುತ್ತದೆ. ಮದುವೆಗೆ ಮೂರು ವಾರ ಮುಂಚೆ ಮತ್ತೆ ಅರ್ಧ ಇಂಚು ಮಟ್ಟಮಾಡಿದರೆ ಈಗಿನಷ್ಟೇ ಸೊಂಟದ ಉದ್ದವಿದ್ದು, ತುದಿ ಚೊಕ್ಕವಾಗಿರುತ್ತದೆ. ಆವತ್ತು ಮೊಗ್ಗಿನ ಜಡೆಯನ್ನೋ ಕುಚ್ಚು ಹಾಕಿದ ಜಡೆಯನ್ನೋ ಹಾಕಿಕೊಳ್ಳುವುದಾದರೆ ಚೌರಿ ಸೇರಿಸಿ ಹೆಣೆಯಲಿ. ಚೌರಿಯನ್ನು ಕತ್ತಿನ ಬುಡದಿಂದಲೇ ಸೇರಿಸಿ, ಸಪೂರ ಭಾಗದಿಂದ ಶುರುಮಾಡಿದರೆ ಭಾರವೆಲ್ಲ ಆ ನಾಲ್ಕು ಎಳೆಯ ಮೇಲೇ ಬಿದ್ದು ಪಟಪಟ ಮುರಿಯುತ್ತವೆ. ಆರತಕ್ಷತೆ ಮುಗಿದ ಕೂಡಲೇ, ಎಷ್ಟೇ ಹೊತ್ತಾಗಿರಲಿ, ಬಿಚ್ಚಿಟ್ಟು ಮಲಗಿ.